ಕೈಬರಹದ ಕಾಗದಕ್ಕೆ ಇನ್ನೆಷ್ಟು ದಿನ?

ನಿಧಾನಿ ಕೇಳಿದ್ದು:

ನಾನು ಮತ್ತು ನನ್ನ ಗೆಳತಿ 19 ವರ್ಷದಿಂದ ಕಾಗದ ಬರೆದುಕೊಳ್ಳುತ್ತಿದ್ದೇವೆ. ಒಂದು ತಿಂಗಳು ಅವಳು, ಮುಂದಿನ ತಿಂಗಳು ನಾನು. ಫೋನ್ ನಂಬರ್ ಇಬ್ಬರ ಹತ್ತಿರವೂ ಇದೆ. ಯಾರಿಗಾದರೂ ಹುಷಾರಿಲ್ಲ ಅಂದರೆ ಫೋನ್ ಮಾಡುತ್ತೇವೆ. ಉಳಿದದ್ದೆಲ್ಲ ಕಾಗದದಲ್ಲೇ. ಯಾಕೆ ಅಂತ ಕೇಳಿದರೆ ಹೇಳುವುದು ಕಷ್ಟ. ಫೋನಿನಲ್ಲಿ ಇಬ್ಬರೂ "ಮತ್ತೇನು, ಮತ್ತೇನು" ಅಂತ ಹತ್ತು ಸಲ ಕೇಳಿಕೊಂಡು ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ನಾಲ್ಕು ಪುಟ ಸಾಲುವುದಿಲ್ಲ.

ಈ ವರ್ಷ ಎರಡು ಸಂಗತಿ ಆಯಿತು. ಒಂದು, ನಾನು ಯಾವಾಗಲೂ ಕಾಗದ ಹಾಕುತ್ತಿದ್ದ ಅಂಚೆ ಡಬ್ಬಿ ಮಾಯವಾಯಿತು. ಕವರು ಹಿಡಿದುಕೊಂಡು ಹೋದರೆ ಗೋಡೆಯಲ್ಲಿ ನಾಲ್ಕು ಮೊಳೆ ತೂತು, ನಡುವೆ ಒಂದು ಚೌಕ. ಅಷ್ಟು ಜಾಗದ ಬಣ್ಣ ಮಾತ್ರ ನಿನ್ನೆ ಬಳಿದ ಹಾಗಿತ್ತು. ಸುಮ್ನೆ ಸ್ವಲ್ಪ ಹೊತ್ತು ನೋಡಿ, ಕವರು ಬ್ಯಾಗಿಗೆ ಹಾಕಿಕೊಂಡು ವಾಪಸ್ ಬಂದೆ.

ಎರಡು, ಅವಳು ಮಾರ್ಚ್‌ನಲ್ಲಿ ಬರೆದ ಕಾಗದ ನನಗೆ ಸಿಗುವುದಕ್ಕೆ 26 ದಿನ ಹಿಡಿಯಿತು. ಅಷ್ಟರಲ್ಲಿ ನಾನು ಇವಳಿಗೆ ಏನೋ ಬೇಜಾರಾಗಿದೆ ಅಂದುಕೊಂಡಿದ್ದೆ. ಅವಳು ನನಗೆ ಕೋಪ ಬಂದಿದೆ ಅಂದುಕೊಂಡಿದ್ದಳು. ಕೊನೆಗೆ ಅವಳೇ ಫೋನ್ ಮಾಡಿ "ನಾನೇನಾದ್ರೂ ತಪ್ಪು ಬರೆದೆನಾ?" ಅಂತ ಕೇಳಿದಳು. ನನಗೆ ಆ ಕಾಗದವೇ ಬಂದಿರಲಿಲ್ಲ!

ಅದರ ಜೊತೆಗೆ ಡೆನ್ಮಾರ್ಕಿನ ಸುದ್ದಿ ಓದಿದೆ. ಅಲ್ಲಿನ ಸರ್ಕಾರಿ ಅಂಚೆ ಪೋಸ್ಟ್‌ನಾರ್ಡ್ 2025ರ ಡಿಸೆಂಬರ್ 30ಕ್ಕೆ ಕಾಗದ ಹಂಚುವುದನ್ನೇ ನಿಲ್ಲಿಸಿತಂತೆ. 1624ರಲ್ಲಿ ಶುರುವಾಗಿದ್ದ ಕೆಲಸ. ನಾನೂರು ವರ್ಷ!

ನನ್ನ ಪ್ರಶ್ನೆ ಇಷ್ಟೇ. ನಾವೆಲ್ಲ ಕಾಗದ ಬರೆಯುವುದನ್ನು ಬಿಟ್ಟಿದ್ದಕ್ಕೇ ಅಂಚೆಗೆ ಈ ಗತಿ ಬಂತಾ? ಇನ್ನು ನಾವಿಬ್ಬರು ಈಗಲೇ ಮರ್ಯಾದೆಯಾಗಿ ಇಮೇಲಿಗೆ ಹೋಗಿಬಿಡುವುದು ಒಳ್ಳೆಯದಾ? ಅಂಚೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ದಯವಿಟ್ಟು "ಕಾಲ ಬದಲಾಗಿದೆ" ಅಂತ ಮಾತ್ರ ಬರೆಯಬೇಡಿ. ಅದು ನನಗೂ ಗೊತ್ತು.

---

ಅವಸರದವನು:

ಕಾಲ ಬದಲಾಗಿದೆ.

(ಕ್ಷಮಿಸಿ, ಬರೆಯದೆ ಇರೋಕೆ ಆಗಲಿಲ್ಲ.)

ಕಾಗದ ಬರೆಯಿರಿ, ಫೋಟೋ ತೆಗೆಯಿರಿ, ಕಳಿಸಿ. ಕೈಬರಹವೂ ಉಳಿಯಿತು, 26 ದಿನವೂ ಉಳಿಯಿತು. ಇದರಲ್ಲಿ ಇಷ್ಟೊಂದು ಯೋಚನೆ ಮಾಡುವುದು ಏನಿದೆ?

---

ಹಳೇ ಬೀಟು:

ನಿಧಾನಿಯವರೇ, ನಾನು 31 ವರ್ಷ ಅಂಚೆಯಲ್ಲಿದ್ದೆ. ಮೊದಲ ಒಂಬತ್ತು ವರ್ಷ ಸಾರ್ಟಿಂಗ್. ಆಮೇಲೆ ರಿಟೈರ್ ಆಗುವವರೆಗೂ ಬಟವಾಡೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೇಳುತ್ತೇನೆ. ಅಲ್ಲ. ನೀವು ಕಾಗದ ಬರೆಯುವುದನ್ನು ಬಿಟ್ಟಿದ್ದಕ್ಕೆ ಅಂಚೆ ಹೀಗಾಗಲಿಲ್ಲ. ಬಿಲ್ಲುಗಳು ಬಿಟ್ಟು ಹೋದವು, ಅದಕ್ಕೆ ಹೀಗಾಯಿತು.

ಇದು ಕೇಳಿದರೆ ಎಲ್ಲರಿಗೂ ಸ್ವಲ್ಪ ನಿರಾಸೆ ಆಗುತ್ತದೆ. ಅಂಚೆ ಅಂದ ಕೂಡಲೇ ಅಮ್ಮನ ಕಾಗದ, ಪ್ರೇಮಪತ್ರ, ಬಾಗಿಲಲ್ಲಿ ಕಾಯುವ ಅಜ್ಜಿ ನೆನಪಾಗುತ್ತಾರೆ. ಅದೆಲ್ಲ ಸುಳ್ಳಲ್ಲ. ಆದರೆ ಚೀಲದ ತೂಕ ಅದರದ್ದಲ್ಲ.

ಬೆಳಿಗ್ಗೆ ಚೀಲದ ಹುರಿ ಕತ್ತರಿಸಿ ಮೇಜಿನ ಮೇಲೆ ಸುರಿಯುತ್ತಿದ್ದೆವು. ಮೊದಲ ಕೆಲಸ, ಎಲ್ಲವನ್ನೂ ಒಂದೇ ಮುಖಕ್ಕೆ ತಿರುಗಿಸಿ, ಸ್ಟಾಂಪು ಒಂದೇ ಮೂಲೆಗೆ ಬರುವ ಹಾಗೆ ಜೋಡಿಸಿಕೊಳ್ಳುವುದು. ಆಮೇಲೆ ಗೂಡುಗಳ ಮುಂದೆ ನಿಂತು ಬೀಟಿನ ಪ್ರಕಾರ, ಅಂದರೆ ಒಬ್ಬೊಬ್ಬ ಪೋಸ್ಟ್‌ಮ್ಯಾನ್ ಸುತ್ತುವ ಬೀದಿಗಳ ಪ್ರಕಾರ ಎಸೆಯುವುದು. ಬಲ ಹೆಬ್ಬೆರಳಿಗೆ ಒಂದು ರಬ್ಬರ್ ಟೋಪಿ. ಮೂರು ತಿಂಗಳಾದ ಮೇಲೆ ಗೂಡಿನ ಕಡೆ ನೋಡುವುದೇ ಬೇಕಿಲ್ಲ, ಕೈ ತಾನಾಗಿ ಹೋಗುತ್ತದೆ. ಕಣ್ಣು ಆಗಲೇ ಮುಂದಿನ ವಿಳಾಸದ ಮೇಲೆ ಇರುತ್ತದೆ. ಆ ರಾಶಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಏನಿರುತ್ತಿತ್ತು ಗೊತ್ತಾ? ಮುಂದೆ ಕಿಟಕಿ ಇರುವ ಕವರು. ಅದೇ, ಒಳಗಿನ ವಿಳಾಸ ಕಾಣುವುದಕ್ಕೆ ತೆಳು ಹಾಳೆ ಅಂಟಿಸಿರುತ್ತಾರಲ್ಲ, ಅದು. ಫೋನ್ ಬಿಲ್ಲು, ಬ್ಯಾಂಕ್ ಲೆಕ್ಕ, ವಿಮೆ ನೋಟಿಸು, ಷೇರಿನವರ ವಾರ್ಷಿಕ ವರದಿ. ಎಲ್ಲ ಒಂದೇ ಅಳತೆ, ಒಂದೇ ದಪ್ಪ. ಇಸ್ಪೀಟ್ ಎಲೆ ಹಾಗೆ ಜಾರುತ್ತಿದ್ದವು.

ನಡುವೆ ಕೈಬರಹದ್ದು ಒಂದು ಬಂದರೆ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತಿತ್ತು. ಗೋಂದು ಜಾಸ್ತಿ ಹಾಕಿ ಒಂದು ಮೂಲೆ ಗಟ್ಟಿಯಾಗಿರುತ್ತದೆ. ಒಳಗೆ ಹಾಳೆ ಸರಿಯಾಗಿ ಮಡಚಿರುವುದಿಲ್ಲ, ಒಂದು ಕಡೆ ಉಬ್ಬಿರುತ್ತದೆ. ಬಾಲ್‌ಪೆನ್ ಒತ್ತಿ ಬರೆದಿದ್ದರೆ ವಿಳಾಸದ ಅಕ್ಷರ ತಡವಿದರೆ ಸಿಗುತ್ತದೆ. ನನ್ನ ಬೀಟಿನಲ್ಲಿ ನೂರಕ್ಕೆ ಐದೋ ಆರೋ ಅಂಥವು. ಅದು ಒಳ್ಳೆಯ ಕಾಲದ ಮಾತು, ಈಗಿನದಲ್ಲ.

ಅಂದರೆ ನಿಮ್ಮ ಕಾಗದ ಯಾವತ್ತೂ ಬಿಲ್ಲಿನ ಗಾಡಿಯಲ್ಲಿ ಕೂತು ಬರುತ್ತಿದ್ದ ಪ್ರಯಾಣಿಕ. ಗಾಡಿ ಓಡುತ್ತಿದ್ದದ್ದು ಬಿಲ್ಲಿಗೋಸ್ಕರ. ಹೇಗೂ ಆ ಮನೆಗೆ ಬಿಲ್ಲು ಕೊಡಲು ಹೋಗಲೇಬೇಕು, ಜೊತೆಗೆ ನಿಮ್ಮದೂ ಹೋಗುತ್ತಿತ್ತು.

ಇದು ನನ್ನ ಊಹೆ ಅನ್ನುವವರಿಗೆ ಒಂದು ಲೆಕ್ಕ. ಇಮೇಲ್ ಬಂದದ್ದು 1971ರಲ್ಲಿ. ರೇ ಟಾಮ್ಲಿನ್‌ಸನ್ ಅನ್ನುವವರು ಆ ಸುತ್ತಿದ 'ಎ' ಗುರುತು ಇಟ್ಟು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಿದರು. ಅಂಚೆ ಆಗ ಸತ್ತಿತಾ? ಇಲ್ಲ. ಅಮೆರಿಕದಲ್ಲಿ ಫಸ್ಟ್ ಕ್ಲಾಸ್ ಅಂಚೆ, ಅಂದರೆ ಕಾಗದ ಬಿಲ್ಲುಗಳೆಲ್ಲ ಹೋಗುವ ವರ್ಗ, ತುತ್ತತುದಿ ಮುಟ್ಟಿದ್ದು 2001ರಲ್ಲಿ. ಸುಮಾರು 10,300 ಕೋಟಿ. ಇಮೇಲ್ ಹುಟ್ಟಿ 30 ವರ್ಷ ಆದಮೇಲೆ! 2023ರ ಹೊತ್ತಿಗೆ ಅದು 4,600 ಕೋಟಿಗೆ ಇಳಿದಿತ್ತು. ಈ ನಡುವೆ ಆದದ್ದೇನು? ಜನ ಒಬ್ಬರಿಗೊಬ್ಬರು ಕಾಗದ ಬರೆಯುವುದನ್ನು ಅದಕ್ಕೂ ಮೊದಲೇ, ಫೋನ್ ಬಂದಾಗಲೇ ಕಡಿಮೆ ಮಾಡಿದ್ದರು. 2001ರ ಆಮೇಲೆ ಹೋದದ್ದು ಬಿಲ್ಲು, ಚೆಕ್ಕು, ಬ್ಯಾಂಕಿನ ಕಾಗದ.

ಅಂಚೆ ಸತ್ತಿತು ಅಂತ ಹೇಳುವುದು ಹೊಸದಲ್ಲ ಬಿಡಿ. ಅಮೆರಿಕದಲ್ಲಿ ಕುದುರೆ ಮೇಲೆ ಟಪಾಲು ಒಯ್ಯುತ್ತಿದ್ದ ಪೋನಿ ಎಕ್ಸ್‌ಪ್ರೆಸ್ 1860ರಲ್ಲಿ ಶುರುವಾಗಿ 1861ರಲ್ಲಿ ಮುಗಿಯಿತು. ದೇಶದ ಈ ಕಡೆಯಿಂದ ಆ ಕಡೆಗೆ ಟೆಲಿಗ್ರಾಫ್ ತಂತಿ ಎಳೆದು ಮುಗಿಸಿದ ಎರಡೇ ದಿನಕ್ಕೆ ನಿಲ್ಲಿಸುತ್ತೇವೆ ಅಂದರು. ಒಂದೂವರೆ ವರ್ಷದ ಬದುಕು. ಆದರೆ ಸತ್ತದ್ದು ಕುದುರೆ ಓಟ, ಅಂಚೆಯಲ್ಲ. ತಂತಿ ಬಂದರೂ ಕಾಗದ ಬೆಳೆಯಿತು, ಫೋನ್ ಬಂದರೂ ಬೆಳೆಯಿತು. ಕೊನೆಗೆ ನಿಂತದ್ದು ತಂತಿಯೇ. ಭಾರತದಲ್ಲಿ 2013ರ ಜುಲೈನಲ್ಲಿ ತಂತಿ ನಿಲ್ಲಿಸಿದಾಗ ಕೊನೆಯ ದಿನ ಜನ ಸಾಲು ನಿಂತರು, ನೆನಪಿಗೆ ಒಂದು ಇರಲಿ ಅಂತ. ಡೆನ್ಮಾರ್ಕಿನಲ್ಲೂ ಅದೇ ಕಥೆ. ಅಲ್ಲಿ 1,500 ಕೆಂಪು ಡಬ್ಬಿ ಕಿತ್ತರು, ಆಮೇಲೆ ಮಾರಾಟಕ್ಕಿಟ್ಟರು. ಮೊದಲ ಸಾವಿರ ಕೆಲವೇ ಗಂಟೆಯಲ್ಲಿ ಖಾಲಿ. ಒಳಗೆ ಒಂದು ಕಾಗದ ಹಾಕಲು ಪುರುಸೊತ್ತಿಲ್ಲದವರು ಡಬ್ಬಿಯನ್ನೇ ಹೊತ್ತುಕೊಂಡು ಹೋದರು! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಈಗ ದುಡ್ಡಿನ ವಿಷಯ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮೊದಲೆಲ್ಲ ಕಾಗದಕ್ಕೆ ದೂರದ ಮೇಲೆ, ಹಾಳೆಗಳ ಲೆಕ್ಕದ ಮೇಲೆ ದುಡ್ಡು. ಬಹಳ ಸಲ ಕೊಡಬೇಕಾದವರು ಕಾಗದ ಪಡೆದವರು. 1837ರಲ್ಲಿ ಇಂಗ್ಲೆಂಡಿನ ರೋಲೆಂಡ್ ಹಿಲ್ ಕೂತು ಲೆಕ್ಕ ಹಾಕಿದರು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಕಾಗದ ಒಯ್ಯುವ ಖರ್ಚು ಒಂದು ಪೆನ್ನಿಯ 36ನೇ ಒಂದು ಭಾಗವಂತೆ. ಅಂದರೆ ದೂರಕ್ಕೆ ಖರ್ಚೇ ಇಲ್ಲ! ಖರ್ಚೆಲ್ಲ ಇರುವುದು ಎರಡು ತುದಿಯ ಕೈಕೆಲಸದಲ್ಲಿ. ಹಾಗಾದರೆ ಎಲ್ಲಿಗಾದರೂ ಒಂದೇ ದರ ಇಡಿ, ಮೊದಲೇ ಸ್ಟಾಂಪು ಅಂಟಿಸಿ ವಸೂಲು ಮಾಡಿ ಅಂದರು. 1840ರಲ್ಲಿ ಪೆನ್ನಿ ಬ್ಲ್ಯಾಕ್ ಬಂತು, ಪ್ರಪಂಚದ ಮೊದಲ ಅಂಚೆಚೀಟಿ. ದರ ಇಳಿಯಿತು, ಕಾಗದ ಹೆಚ್ಚಿತು, ಹೆಚ್ಚಿದ್ದರಿಂದ ಆ ಕಡಿಮೆ ದರವೂ ಗಿಟ್ಟಿತು.

ಈಗ ಅದೇ ಚಕ್ರ ಹಿಂದಕ್ಕೆ ತಿರುಗುತ್ತಿದೆ. ನನ್ನ ಬೀಟಿನಲ್ಲಿ ಮೊದಲು ದಿನಕ್ಕೆ ನಾಲ್ಕು ಕಟ್ಟು. ಚೀಲದ ಪಟ್ಟಿ ಹೆಗಲಿಗೆ ಕೊರೆಯುತ್ತಿತ್ತು. ಒಂದು ತಿಂಗಳು ಒಂದು ದೊಡ್ಡ ಫೋನ್ ಕಂಪನಿ ಬಿಲ್ಲನ್ನು ಇಮೇಲಿಗೆ ಹಾಕಿತು. ಮೂರು ಕಟ್ಟಾಯಿತು. ಆಮೇಲೆ ಬ್ಯಾಂಕು. ಎರಡು. ರಿಟೈರ್ ಆಗುವ ಹೊತ್ತಿಗೆ ಒಂದೇ ಕಟ್ಟು, ಅದಕ್ಕೂ ಸಣ್ಣ ರಬ್ಬರ್ ಸಾಕು. ಹೆಗಲಿಗೆ ಸುಖ ಆಯಿತು. ಆದರೆ ಬೀದಿ ಅಷ್ಟೇ ಉದ್ದ ಇತ್ತು. ಮೆಟ್ಟಿಲು ಒಂದೂ ಕಡಿಮೆ ಆಗಲಿಲ್ಲ. ನಾಯಿಗಳೂ ಅಷ್ಟೇ! ನೂರು ಕಾಗದಕ್ಕೆ ನಡೆಯುವ ದಾರಿಯನ್ನೇ ಹತ್ತು ಕಾಗದಕ್ಕೂ ನಡೆಯಬೇಕು. ಒಂದೊಂದರ ಖರ್ಚು ಏರಿತು. ದರ ಏರಿಸಿದರು. ದರ ಏರಿತು ಅಂತ ಇನ್ನೊಬ್ಬ ಇಮೇಲಿಗೆ ಹೋದ.

ಅದಕ್ಕೇ ಈಗ ಎಲ್ಲ ಕಡೆ ದಿನ ಕಡಿಮೆ ಮಾಡುತ್ತಿದ್ದಾರೆ. ನ್ಯೂಜಿಲೆಂಡಿನ ಪಟ್ಟಣಗಳಲ್ಲಿ 2015ರಲ್ಲೇ ವಾರಕ್ಕೆ ಮೂರು ದಿನಕ್ಕೆ ಇಳಿಸಲು ಶುರು ಮಾಡಿದರು. ಬ್ರಿಟನ್ನಿನಲ್ಲಿ 2025ರ ಜುಲೈನಿಂದ ಸೆಕೆಂಡ್ ಕ್ಲಾಸ್, ಅಂದರೆ ಕಡಿಮೆ ದರದಲ್ಲಿ ನಿಧಾನವಾಗಿ ಹೋಗುವ ಕಾಗದವನ್ನು ದಿನ ಬಿಟ್ಟು ದಿನ ಕೊಟ್ಟರೆ ಸಾಕು, ಶನಿವಾರ ಬೇಡ ಅಂತ ಒಪ್ಪಿಗೆ ಕೊಟ್ಟರು. ನಿಮ್ಮ 26 ದಿನ ಎಲ್ಲಿ ಹೋಯಿತು ಅಂತ ನಾನು ಇಲ್ಲಿಂದ ಹೇಳಲಾರೆ. ಆದರೆ ಚೀಲ ತುಂಬುವವರೆಗೆ ಕಾಯುವ ಅಭ್ಯಾಸ ಒಮ್ಮೆ ಬಂದರೆ, ಕಾಯುವುದೇ ಕೆಲಸ ಆಗಿಬಿಡುತ್ತದೆ.

ನಿಮ್ಮ ಡಬ್ಬಿ ಹೋದದ್ದೂ ಹೀಗೇ ಇರಬೇಕು. ದಿನಾ ಒಬ್ಬ ಹೋಗಿ ಬೀಗ ತೆಗೆಯಬೇಕು. ನಾನು ಕೆಲವು ದಿನ ತೆಗೆದಾಗ ಒಳಗೆ ಒಂದು ಚಾಕೊಲೇಟ್ ಸಿಪ್ಪೆ, ಎರಡು ಬಸ್ ಟಿಕೆಟ್ಟು. ಒಮ್ಮೆ ಒಂದು ಮನೆ ಕೀಲಿಕೈ. ಅದನ್ನು ಯಾರು ಯಾಕೆ ಹಾಕಿದರೋ ಇವತ್ತಿಗೂ ತಿಳಿಯದು.

---

ಮಗಳು ದೂರದಲ್ಲಿ:

ಹಳೇ ಬೀಟು ಸಾರ್, ಬಿಲ್ಲಿನ ಗಾಡಿ ಮಾತು ಚೆನ್ನಾಗಿದೆ. ಆದರೆ ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಅಪ್ಪ ನಾನು ಹಾಸ್ಟೆಲಿನಲ್ಲಿದ್ದಾಗ ಬರೆದ ಕಾಗದಗಳು ನನ್ನ ಹತ್ತಿರ ಇವೆ. 22 ಇವೆ. ಎಲ್ಲದರಲ್ಲೂ ಮೊದಲ ಸಾಲು "ನಾವೆಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಪತ್ರ ಬರೆ". ಕೊನೆಯ ಸಾಲು "ಆರೋಗ್ಯ ನೋಡಿಕೋ". ನಡುವೆ ಫೀಸಿನ ವಿಷಯ. ಅಷ್ಟೇ. ನನ್ನ ಅಪ್ಪ ಹಾಗಿರಲೇ ಇಲ್ಲ! ತಮಾಷೆ ಮನುಷ್ಯ. ಪೆನ್ನು ಹಿಡಿದರೆ ಮಾತ್ರ ಹೆಡ್‌ಮಾಸ್ಟರ್ ಆಗಿಬಿಡುತ್ತಿದ್ದರು. ಕೊನೆಯ ಎರಡು ವರ್ಷ ವಾಯ್ಸ್ ಮೆಸೇಜು ಕಳಿಸುವುದು ಕಲಿತರು. ಒಂದರಲ್ಲಿ 40 ಸೆಕೆಂಡು ಬರೀ ಕೆಮ್ಮು, ಆಮೇಲೆ "ಏನು ಹೇಳಬೇಕು ಅಂತಿದ್ದೆ, ಮರೆತೇಹೋಯ್ತು, ಇಡ್ತೀನಿ" ಅಂತ ನಗು. ಅಷ್ಟೂ ಕಾಗದ ಒಂದು ಕಡೆ, ಈ ಒಂದು ನಗು ಒಂದು ಕಡೆ. ಹಾಗಾಗಿ ಕಾಗದದಲ್ಲಿ ಮಾತ್ರ ಮನಸ್ಸು ಇರುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಧಾನಿಯವರು ಹಾಗೆ ಅಂದಿಲ್ಲ, ಗೊತ್ತು. ಆದರೆ ಈ ವಿಷಯ ಬಂದಾಗಲೆಲ್ಲ ಯಾರಾದರೂ ಅನ್ನುತ್ತಾರೆ, ಅದಕ್ಕೆ ಮೊದಲೇ ಹೇಳಿದೆ.

ಇನ್ನೊಂದು ಕಡೆ, ನನ್ನ ಅತ್ತೆ. 78 ವರ್ಷ. ಅವರ ವಿಮೆಯ ನೋಟಿಸು ಮೊದಲು ಮನೆಗೆ ಬರುತ್ತಿತ್ತು, ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿಡುತ್ತಿದ್ದರು. ಒಂದು ವರ್ಷ ಆ ಕಂಪನಿ ಹೇಳದೆ ಕೇಳದೆ ಇಮೇಲಿಗೆ ಬದಲಾಯಿಸಿತು. ಇಮೇಲ್ ಅಂತ ಕೊಟ್ಟಿದ್ದು ನನ್ನ ಗಂಡನ ಹಳೇ ಆಫೀಸಿನದು, ಅದು ಮುಚ್ಚಿಹೋಗಿತ್ತು. ಕಂತು ತಪ್ಪಿತು, ವಿಮೆ ಹೋಯಿತು. ಅತ್ತೆ ಇವತ್ತಿಗೂ ಕೇಳುತ್ತಾರೆ, "ಕಾಗದವೇ ಬರಲಿಲ್ಲವಲ್ಲ, ನನಗೆ ಹೇಗೆ ಗೊತ್ತಾಗಬೇಕು?" ಮೊದಲು ಕಾಗದ ಅವರ ಬಾಗಿಲಿಗೆ ಬರುತ್ತಿತ್ತು. ಈಗ ಅವರು ಪಾಸ್‌ವರ್ಡ್ ಹತ್ತಿರ ಹೋಗಬೇಕು. ಡೆನ್ಮಾರ್ಕಿನವರು ಒಂದು ದಿನದಲ್ಲಿ ಅಂಚೆ ನಿಲ್ಲಿಸಲಿಲ್ಲ ಅನ್ನುವುದನ್ನೂ ನೆನಪಿಡಿ. ಸರ್ಕಾರದ ಕಾಗದ ಎಲ್ಲರಿಗೂ ಡಿಜಿಟಲ್ ಪೆಟ್ಟಿಗೆಗೇ ಬರಬೇಕು ಅಂತ 2014ರಲ್ಲೇ ಕಡ್ಡಾಯ ಮಾಡಿದ್ದರು. ಆಗದವರಿಗೆ ವಿನಾಯಿತಿಯೂ ಇತ್ತು. ಹಾಗೆ ತಯಾರಿ ಮಾಡದೆ ಸುಮ್ನೆ "ಗೋ ಪೇಪರ್‌ಲೆಸ್" ಅಂದುಬಿಟ್ಟರೆ ಬಡಿಯುವುದು ನನ್ನ ಅತ್ತೆಗೆ.

---

ನಿಧಾನಿ:

ಎಲ್ಲರಿಗೂ ಥ್ಯಾಂಕ್ಸ್. ಅವಸರದವರೇ, ಫೋಟೋ ತೆಗೆದು ಕಳಿಸುವುದನ್ನು ಒಮ್ಮೆ ಮಾಡಿದ್ದೇವೆ. ಅವಳು ಎರಡು ನಿಮಿಷಕ್ಕೆ "ಓದಿದೆ" ಅಂತ ಹೆಬ್ಬೆರಳು ಒತ್ತಿದಳು. ನಾನು ಮೂರು ಸಂಜೆ ಕೂತು ಬರೆದದ್ದು. ಆಮೇಲೆ ಉತ್ತರವೇ ಇಲ್ಲ. ಉತ್ತರ ಕೊಟ್ಟಾಯಿತಲ್ಲ ಅಂತ ಅವಳ ಲೆಕ್ಕ!

ಸಾರ್, ಒಂದು ಪ್ರಶ್ನೆ. ಈಗ ಎಲ್ಲರೂ ಮನೆಗೇ ಸಾಮಾನು ತರಿಸುತ್ತಾರೆ. ಪಾರ್ಸೆಲ್ ಎಷ್ಟು ಬೇಕಾದರೂ ಇದೆ. ಬಿಲ್ಲಿನ ಗಾಡಿ ಹೋದರೆ ಪಾರ್ಸೆಲ್ ಗಾಡಿ ಹತ್ತಿದರೆ ಆಗುವುದಿಲ್ಲವಾ?

---

ಹಳೇ ಬೀಟು:

ಮಗಳು ದೂರದಲ್ಲಿ ಅವರೇ, ಬೇಜಾರು ಯಾಕೆ? ನಾನು ಹಂಚಿದ ಕಾಗದಗಳಲ್ಲಿ ಅರ್ಧಕ್ಕರ್ಧ "ಕ್ಷೇಮ, ಕ್ಷೇಮ"ವೇ. ಓದು ಬಾರದವರಿಗೆ ನಾನೇ ಓದಿ ಹೇಳುತ್ತಿದ್ದೆನಲ್ಲ. ಒಬ್ಬ ಅಜ್ಜಿಗೆ ಮಗ ಪ್ರತಿ ಸಲ ಅದೇ ನಾಲ್ಕು ಸಾಲು ಬರೆಯುತ್ತಿದ್ದ. ನನಗೇ ಬೇಜಾರಾಗಿ ಒಮ್ಮೆ "ನಿನ್ನ ನೆನಪು ಬಹಳ ಆಗುತ್ತದೆ ಅಮ್ಮ" ಅಂತ ಸೇರಿಸಿ ಓದಿದೆ. ಅಜ್ಜಿ ಕಾಗದ ಕಿತ್ತುಕೊಂಡು, "ಇದು ಎಲ್ಲಿ ಬರೆದಿದಾನೆ, ತೋರಿಸು" ಅಂದರು. ಸುಮ್ನೆ ಒಂದು ಸಾಲಿನ ಮೇಲೆ ಬೆರಳಿಟ್ಟೆ. ಮುಂದಿನ ಸಲದಿಂದ ಅಜ್ಜಿ ಓದಿಸುವುದಕ್ಕೆ ಮೊದಲೇ ಎಲ್ಲ ಸಾಲೂ ಎಣಿಸಿ ಇಟ್ಟುಕೊಳ್ಳುತ್ತಿದ್ದರು.

ಪಾರ್ಸೆಲ್ ವಿಷಯ. ಹತ್ತಬಹುದು, ಆದರೆ ಆ ಗಾಡಿ ಬೇರೆ ಥರ. ಬಟವಾಡೆ ಅಂದರೆ ಪ್ರತಿ ಬೀದಿ, ಪ್ರತಿ ಬಾಗಿಲು, ವರಸೆ ಪ್ರಕಾರ. ಪಾರ್ಸೆಲ್ ವ್ಯಾನು ಪಾರ್ಸೆಲ್ ಇರುವ ಮನೆಗೆ ಮಾತ್ರ ಹೋಗುತ್ತದೆ, ನಡುವಿನ ಮೂವತ್ತು ಮನೆ ದಾಟಿಕೊಂಡು. ಅಲ್ಲಿ ಒಂದೊಂದು ಡಬ್ಬಕ್ಕೂ ಸ್ಕ್ಯಾನು, ಫೋಟೋ, ಓಟಿಪಿ. ನಿಮ್ಮ ಕವರಿಗೆ ಅಷ್ಟೆಲ್ಲ ಮಾಡಿದರೆ ಸ್ಟಾಂಪಿನ ದುಡ್ಡು ಅಲ್ಲೇ ಮುಗಿಯುತ್ತದೆ. ಅದೂ ಅಲ್ಲದೆ ಕಾಗದದಲ್ಲಿ ಅಂಚೆಗೆ ಎದುರಾಳಿ ಅಂತ ಹೆಚ್ಚು ಯಾರೂ ಇರಲಿಲ್ಲ. ಪಾರ್ಸೆಲಿನಲ್ಲಿ ಬೀದಿಗೆ ಐದು ಕಂಪನಿ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ. ಡೆನ್ಮಾರ್ಕಿನಲ್ಲಿ ಕಾಗದ ಪೂರ್ತಿ ನಿಂತಿಲ್ಲ. ಸರ್ಕಾರಿ ಅಂಚೆ ಪಾರ್ಸೆಲ್ ಮಾತ್ರ ಇಟ್ಟುಕೊಂಡಿತು. ಕಾಗದ ಡಾವೊ ಅನ್ನುವ ಖಾಸಗಿ ಕಂಪನಿಗೆ ಹೋಯಿತು. ಆ ಹೆಸರನ್ನು ಬಿಡಿಸಿದರೆ ಏನು ಗೊತ್ತಾ? ಡೆನ್ಮಾರ್ಕಿನ ಪತ್ರಿಕೆ ಹಂಚಿಕೆ ಅಂತ. ದಿನಪತ್ರಿಕೆ ಹಂಚುತ್ತಾ ಬೆಳೆದವರು. ನೋಡಿ, ಬಿಲ್ಲಿನ ಗಾಡಿ ಇಳಿದ ಕಾಗದ ಪೇಪರ್ ಹುಡುಗನ ಗಾಡಿ ಹತ್ತಿದೆ! ಬೀದಿ ಬದಿಯಲ್ಲಿ ಡಬ್ಬಿ ಮಾತ್ರ ಇಲ್ಲ, ಅವರ ಅಂಗಡಿಗೆ ಹೋಗಿ ಕೊಡಬೇಕು, ಇಲ್ಲ ದುಡ್ಡು ಕೊಟ್ಟು ಮನೆಗೆ ಕರೆಸಬೇಕು. 2000ದಲ್ಲಿ ಅಲ್ಲಿ ಸುಮಾರು 145 ಕೋಟಿ ಕಾಗದ ಓಡಾಡುತ್ತಿತ್ತು, 2024ರಲ್ಲಿ 11 ಕೋಟಿ. ಆದರೂ 11 ಕೋಟಿ ಇದೆಯಲ್ಲ.

ನಿಮ್ಮ "ಹೆಬ್ಬೆರಳು ಒತ್ತಿದಳು" ಓದಿ ಒಂದು ಹಳೇ ಸಂಗತಿ ನೆನಪಾಯಿತು. ಇಲಾಖೆಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದು. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 22 ದೇಶ ಸೇರಿ ಅಂಚೆ ಒಕ್ಕೂಟ ಮಾಡಿಕೊಂಡವು. ಆ ದಿನವೇ ಈಗ ವಿಶ್ವ ಅಂಚೆ ದಿನ. ಅಲ್ಲಿ ದೊಡ್ಡ ತಲೆನೋವು ಏನೆಂದರೆ, ಸ್ಟಾಂಪು ಮಾರಿದ್ದು ಒಂದು ದೇಶ, ಮನೆ ಬಾಗಿಲಿಗೆ ಕೊಡುವುದು ಇನ್ನೊಂದು ದೇಶ. ದುಡ್ಡು ಹೇಗೆ ಹಂಚುವುದು? ಅವರು ಹಂಚಲೇ ಇಲ್ಲ. ಯಾರು ಸ್ಟಾಂಪು ಮಾರಿದರೋ ದುಡ್ಡು ಅವರದೇ ಅಂದರು. ಯಾಕೆಂದರೆ ಒಂದು ಕಾಗದ ಹೋದರೆ ಅದಕ್ಕೊಂದು ಉತ್ತರ ಬಂದೇ ಬರುತ್ತದೆ, ಲೆಕ್ಕ ಸರಿಹೋಗುತ್ತದೆ! ಇಡೀ ಪ್ರಪಂಚದ ಅಂಚೆ ಹತ್ತಿರ ಹತ್ತಿರ ನೂರು ವರ್ಷ ಈ ನಂಬಿಕೆ ಮೇಲೆ ನಡೆಯಿತು. 1969ರ ಟೋಕಿಯೋ ಸಮ್ಮೇಳನದಲ್ಲಿ, ಇಲ್ಲಪ್ಪ, ಕೆಲವರಿಗೆ ಬರುವುದೇ ಜಾಸ್ತಿ ಹೋಗುವುದು ಕಡಿಮೆ, ಜಾಸ್ತಿ ಬಂದವರಿಗೆ ದುಡ್ಡು ಕೊಡಬೇಕು ಅಂತ ಬದಲಾಯಿಸಿದರು.

ನೀವಿಬ್ಬರು ಇನ್ನೂ 1874ರ ಲೆಕ್ಕದಲ್ಲೇ ಇದ್ದೀರಿ. ನಿಲ್ಲಿಸಬೇಡಿ ಅಂತ ನಾನು ಹೇಳುವುದಿಲ್ಲ, ಅದು ನಿಮಗೆ ಬಿಟ್ಟದ್ದು. ಬರೆಯುವುದಾದರೆ ಒಂದೆರಡು ಮಾತು. ಡಬ್ಬಿ ಹುಡುಕುತ್ತಾ ಹೋಗಬೇಡಿ, ಕೌಂಟರಿಗೇ ಹೋಗಿ ಕೊಡಿ, ಕಣ್ಣೆದುರೇ ಮುದ್ರೆ ಹೊಡೆಸಿ. ಆ ಮುದ್ರೆಯಲ್ಲಿ ತಾರೀಖು ಇರುತ್ತದೆ. ಮುಂದೆ ತಡವಾದರೆ, ಗೆಳತಿ ಬರೆದ ತಾರೀಖು ಮತ್ತು ಮುದ್ರೆಯ ತಾರೀಖು ಎರಡನ್ನೂ ನೋಡಿ. ನಡುವೆ ಹತ್ತು ದಿನ ಇದ್ದರೆ ಕಾಗದ ಮಲಗಿದ್ದು ಅಂಚೆಯಲ್ಲಲ್ಲ, ಅವಳ ಬ್ಯಾಗಿನಲ್ಲಿ! ಕಳಿಸುವವರ ವಿಳಾಸ ಕವರಿನ ಹಿಂದೆ ಪೂರ್ತಿ ಬರೆಯಿರಿ. ಅದಿಲ್ಲದೆ ವಾಪಸ್ ಕಳಿಸಲಾಗದೆ ಬಿದ್ದಿರುವ ಕಾಗದಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು, ಇದು ಮುಖ್ಯ. ಕಾಗದದ ತಲೆಯ ಮೇಲೆ ನಂಬರ್ ಹಾಕಿ. ಸಮುದ್ರದಾಚೆ ಇದ್ದವರು ಮೊದಲು ಹಾಗೇ ಮಾಡುತ್ತಿದ್ದರು. 14 ಆದಮೇಲೆ 16 ಬಂದರೆ 15 ಎಲ್ಲೋ ದಾರಿಯಲ್ಲಿದೆ ಅಂತ ಗೊತ್ತಾಗುತ್ತದೆ. ಕೋಪ ಬಂದಿದೆ ಅಂತ ಯಾರೂ ಅಂದುಕೊಳ್ಳಬೇಕಾಗಿಲ್ಲ.

---

ಅವಸರದವನು:

ನಂಬರ್ ಹಾಕುವುದು ಚೆನ್ನಾಗಿದೆ ಸಾರ್. ನಾವು ಆಫೀಸಿನಲ್ಲಿ ಫೈಲಿಗೆ ಮಾಡುವುದೂ ಇದೇ. ಆ ಕೀಲಿಕೈ ಏನು ಮಾಡಿದಿರಿ?

---

ಹಳೇ ಬೀಟು:

ಆಫೀಸಿನ ಮೊಳೆಗೆ ನೇತುಹಾಕಿದ್ದೆವು. ನಾನು ರಿಟೈರ್ ಆಗುವಾಗಲೂ ಅಲ್ಲೇ ಇತ್ತು.

---

ನಿಧಾನಿ:

ನಿನ್ನೆ ಗೆಳತಿಗೆ ಫೋನ್ ಮಾಡಿ ನಂಬರ್ ವಿಷಯ ಹೇಳಿದೆ. ತಕ್ಷಣ ಒಪ್ಪಿದಳು. ಜಗಳ ಶುರುವಾಗಿದ್ದು ಎಲ್ಲಿಂದ ಎಣಿಸುವುದು ಅಂತ. ನಾನು ಇನ್ನು ಮೇಲಿನದಕ್ಕೆ 1 ಹಾಕೋಣ ಅಂದೆ. ಅವಳು, "ಹಾಗಾದ್ರೆ 19 ವರ್ಷದ್ದು ಲೆಕ್ಕಕ್ಕಿಲ್ವಾ?" ಅಂದಳು. ಕೊನೆಗೆ ಅವಳ ಹತ್ತಿರ ಇರುವ ನನ್ನ ಕಾಗದ ಅವಳು ಎಣಿಸುವುದು, ನನ್ನ ಹತ್ತಿರ ಇರುವ ಅವಳದ್ದು ನಾನು ಎಣಿಸುವುದು ಅಂತ ಆಯಿತು. ಪೆನ್ಸಿಲಿನಲ್ಲಿ ನಂಬರ್ ಹಾಕುತ್ತಿದ್ದೇನೆ. ಮಧ್ಯಾಹ್ನ ಎರಡಕ್ಕೆ ಕೂತವಳು ಈಗ 27ಕ್ಕೆ ಬಂದಿದ್ದೇನೆ, 2011ರ ಆಗಸ್ಟ್. ಇಷ್ಟು ಹೊತ್ತು ಯಾಕೆ ಅಂದರೆ, ಎಣಿಸುವುದು ಬಿಟ್ಟು ಓದುತ್ತಾ ಕೂತಿದ್ದೇನೆ.